ಬೋರಮ್ಮ ಬುಧವಾರ ಸಾಯಬೇಕು

ಲತಾಮಣಿ ಆ ಹಾಳೆಯನ್ನು ಫ್ರಿಜ್ಜಿನ ಮೇಲೆ ಮರೆತುಹೋದದ್ದು ಒಂದು. ಹೆಪ್ಪು ಕೇಳಿಕೊಂಡು ಲೋಟ ಹಿಡಿದ ಪಕ್ಕದ ಮನೆಯ ಸಿದ್ದಮ್ಮ ಅದೇ ಫ್ರಿಜ್ಜಿನ ಮುಂದೆ ಬಂದು ನಿಂತದ್ದು ಇನ್ನೊಂದು. ಎರಡರಲ್ಲಿ ಒಂದು ತಪ್ಪಿದ್ದರೂ ಆ ಬುಧವಾರ ಉಳಿದ ಬುಧವಾರಗಳ ಹಾಗೆ ತನ್ನ ಪಾಡಿಗೆ ತಾನು ಕಳೆದುಹೋಗುತ್ತಿತ್ತು.

ಸಿದ್ದಮ್ಮ ಏಳನೇ ಕ್ಲಾಸು ಪಾಸು. ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಟ್ಟವಳಲ್ಲ. ಬೋಂಡಾ ಕಟ್ಟಿಕೊಟ್ಟ ಕಾಗದವನ್ನೂ ಎಣ್ಣೆ ಒರೆಸಿ ಓದುವವಳು. ಹಾಳೆಯಲ್ಲಿ ಲತಾಮಣಿಯ ದುಂಡು ಅಕ್ಷರದಲ್ಲಿ ಹೀಗಿತ್ತು:

ಬೋರಮ್ಮ ಬುಧವಾರ ಸಾಯಬೇಕು.
ಸತ್ತ ಮೇಲೆ ಬೋರಮ್ಮನ ಹಾಲು ತೆಗೆದುಕೊಳ್ಳಬಾರದು.
ಬೋರಮ್ಮ ಎರಡನೇ ಸಲ ಸಾಯಬಾರದು.
ಸತ್ತ ಬೋರಮ್ಮ ಯಾವ ಕಾರಣಕ್ಕೂ ಎದ್ದು ಬರಬಾರದು.
ಮೊದಲು ಎಲ್ಲ ಕೆಂಪು. ಆಮೇಲೆ ಒಂದೊಂದೇ ಹಸಿರು. ನಾಲ್ಕು ಗಂಟೆಯೊಳಗೆ ಮುಗಿಯಬೇಕು.

ಸಿದ್ದಮ್ಮನ ಕೈಯಲ್ಲಿದ್ದ ಲೋಟ ಟಣ್ಣೆಂದು ನೆಲಕ್ಕೆ ಬಿತ್ತು. ಬೋರಮ್ಮ ಅಂದರೆ ಲತಾಮಣಿಯ ಅತ್ತೆ. ಎಪ್ಪತ್ತೆರಡು ವರ್ಷದ ಆ ಹೆಂಗಸು ಅದೇ ಹೊತ್ತಿಗೆ ಹಿತ್ತಲ ಕೊಟ್ಟಿಗೆಯಲ್ಲಿ ಹಸುವಿನ ವಂಶವನ್ನೆಲ್ಲ ಬೈಯುತ್ತಾ ಅದರ ಮೈ ತೊಳೆಯುತ್ತಿದ್ದಳು.

"ಮೊದ್ಲು ಕೆಂಪು, ಆಮೇಲ್ ಹಸ್ರು," ಸಿದ್ದಮ್ಮ ಪಿಸುಗುಟ್ಟಿಕೊಂಡಳು. "ಕುಂಕುಮ, ನಿಂಬೆಹಣ್ಣು! ಶಿವಶಿವಾ, ಮಾಟ ಕಣಪ್ಪಾ ಇದು!"

ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ಹೊರಟಳು. ಹೆಪ್ಪು ಮರೆತೇಹೋಯಿತು.

ಇತ್ತ ಲತಾಮಣಿ ಕೆಂಗಲ್ಲಿನಲ್ಲಿ ಬಸ್ಸು ಹತ್ತಿ ರಾಮನಗರದ ಕಡೆ ಹೋಗುತ್ತಿದ್ದಳು. ಹಾಳೆ ಮರೆತದ್ದು ಅವಳಿಗೆ ಗೊತ್ತಾಗಿರಲಿಲ್ಲ. ಅದರಲ್ಲಿದ್ದ ಪ್ರತಿ ಸಾಲೂ ಬಾಯಿಪಾಠವಾಗಿತ್ತು. ಕಿಟಕಿಯ ಪಕ್ಕ ಕೂತು, "ಇವತ್ತು ಬೋರಮ್ಮನ್ನ ನೆಟ್ಟಗೆ ಸಾಯಿಸಿಬಿಟ್ರೆ ನಾನು ಗೆದ್ದೆ," ಎಂದು ತನಗೆ ತಾನೇ ಹೇಳಿಕೊಂಡಳು. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ವಿಷಯ ಇಷ್ಟೇ. ರಾಮನಗರದಲ್ಲಿ ರೇಷ್ಮೆ ನೂಲಿನ ಅಂಗಡಿಯ ಮಹಡಿಯ ಮೇಲೆ ಲೋಕೇಶ್ ಎಂಬುವರ ಸಾಫ್ಟ್‌ವೇರ್ ಆಫೀಸಿತ್ತು. ಕಣ್ವಸಿರಿ ಎಂಬ ಹಾಲಿನ ಕಂಪನಿಗೆ ಅವರು ವೆಬ್‌ಸೈಟು ನಡೆಸಿಕೊಡುತ್ತಿದ್ದರು. ನೂರಾ ಎಂಬತ್ತು ಹಳ್ಳಿಗಳ ಡೈರಿ, ಇಪ್ಪತ್ತು ಸಾವಿರ ಸದಸ್ಯರು. ಯಾರು ಎಷ್ಟು ಹಾಲು ಹಾಕಿದರು ಎಂಬುದೆಲ್ಲ ಅದರಲ್ಲೇ. ಹೋದ ವರ್ಷ ಕುದೂರಿನ ಯಲ್ಲಮ್ಮ ಎಂಬಾಕೆ ತೀರಿಕೊಂಡಳು. ಆಕೆಯನ್ನು ಪಟ್ಟಿಯಿಂದ ತೆಗೆಯಲು ಸಾಫ್ಟ್‌ವೇರಿಗೆ ಬರುತ್ತಿರಲಿಲ್ಲ. ಮನೆಯವರು ಅದೇ ನಂಬರಿಗೆ ಹಾಲು ಹಾಕುತ್ತಾ ಹೋದರು. ಬದುಕಿದ್ದಾಗ ದಿನಕ್ಕೆ ಆರು ಲೀಟರು ಹಾಕುತ್ತಿದ್ದ ಯಲ್ಲಮ್ಮ ಸತ್ತ ಮೇಲೆ ಒಂಬತ್ತು ಲೀಟರು ಹಾಕಿ, ವರ್ಷದ ಉತ್ತಮ ಉತ್ಪಾದಕಿಯಾಗಿ ಆಯ್ಕೆಯೂ ಆದಳು. ವೇದಿಕೆಗೆ ಕರೆದರೆ ಆಕೆಯ ಮಗ ಫೋಟೋ ಹಿಡಿದುಕೊಂಡು ಹತ್ತಿದ. ಕಂಪನಿಯವರು ಅದಕ್ಕೇ ಶಾಲು ಹೊದಿಸಬೇಕಾಯಿತು.

ಅವತ್ತಿನಿಂದ "ಸತ್ತವರನ್ನು ತೆಗೆಯುವ ಪುಟ" ಆಗಲೇಬೇಕೆಂದು ಕಂಪನಿ ಹಟ ಹಿಡಿದಿತ್ತು. ಆಫೀಸಿನ ಹುಲಿಯೆನಿಸಿಕೊಂಡ ಮುನೇಶ ಎರಡು ಸಲ ಮಾಡಿಕೊಟ್ಟ. ಮೊದಲ ಸಲ ಒಬ್ಬರನ್ನು ತೆಗೆದರೆ ಇಡೀ ಊರೇ ಹೋಯಿತು. ಎರಡನೇ ಸಲ ತೆಗೆದವರು ಮಾರನೆಯ ಬೆಳಿಗ್ಗೆ ಹಾಲು ತಂದರು.

"ನಾನು ಮಾಡ್ತೀನಿ ಸರ್. ಆದ್ರೆ ನನ್ನ ರೀತಿಲಿ," ಎಂದಿದ್ದಳು ಲತಾಮಣಿ.

ಅವಳ ರೀತಿಯೆಂದರೆ, ಪರೀಕ್ಷೆ ಮೊದಲು, ಕೆಲಸ ಆಮೇಲೆ. ಪ್ರೋಗ್ರಾಮಿನ ಒಂದು ಸಾಲು ಬರೆಯುವ ಮುಂಚೆಯೇ ಅದು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಟೆಸ್ಟಾಗಿ ಬರೆದಿಡುವುದು. ಇನ್ನೂ ಏನೂ ಇಲ್ಲವಲ್ಲ, ಹಾಗಾಗಿ ಓಡಿಸಿದಾಗ ಎಲ್ಲ ಫೇಲಾಗಿ ಪರದೆ ಕೆಂಪಾಗುತ್ತದೆ. ಆಮೇಲೆ ಒಂದೊಂದನ್ನೇ ಪಾಸು ಮಾಡಿಸುವಷ್ಟು ಬರೆಯುತ್ತಾ ಹೋದರೆ ಒಂದೊಂದೇ ಹಸಿರಾಗುತ್ತದೆ. ಅವಳು ಇದನ್ನು ಕಂಪ್ಯೂಟರಿನಲ್ಲಿ ಪಾಠ ನೋಡಿ ಕಲಿತಳೆಂದು ಆಫೀಸಿನವರು ತಿಳಿದಿದ್ದರು. ಅದರ ಹೆಸರನ್ನಷ್ಟೇ ಅವಳು ಅಲ್ಲಿ ಕಲಿತದ್ದು. ವಿದ್ಯೆಯನ್ನು ಇಪ್ಪತ್ತೆರಡು ವರ್ಷದ ಹಿಂದೆಯೇ ಅತ್ತೆ ಕಲಿಸಿದ್ದಳು. ಒಲೆ ಹಚ್ಚುವ ಮುಂಚೆ ಬೋರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮುದ್ದೆ ಗಂಟಾಗ್‌ಬಾರ್ದು, ಸಾರು ನೀರಾಗ್‌ಬಾರ್ದು, ಒಗ್ಗರಣೆ ಸೀಯ್‌ಬಾರ್ದು," ಎಂದು ಹೇಳಿ ಹೋಗುತ್ತಿದ್ದಳು. ಮದುವೆಯಾದ ಮೊದಲ ವರ್ಷವೆಲ್ಲ ಬರೀ ಕೆಂಪು. ಆ ಮನೆಯಲ್ಲಿ ಹಸಿರು ಕಾಣಲು ಲತಾಮಣಿಗೆ ಏಳು ವರ್ಷ ಹಿಡಿದಿತ್ತು.

ಟೆಸ್ಟಿಗೆ ಒಬ್ಬ ಸದಸ್ಯೆಯ ಹೆಸರು ಬೇಕಾದಾಗ ಅವಳ ಕೈ ತಾನಾಗಿಯೇ "ಬೋರಮ್ಮ" ಎಂದು ಬರೆದಿತ್ತು. ಸೇಡಿಗಲ್ಲ. ಬೋರಮ್ಮನ ಕೈಯಲ್ಲಿ ಪಾಸಾದದ್ದು ಲೋಕದಲ್ಲಿ ಎಲ್ಲೂ ಫೇಲಾಗುವುದಿಲ್ಲ ಎಂಬ ನಂಬಿಕೆಗೆ.

ಲೋಕೇಶ್ ಒಪ್ಪಿದ್ದರು, ಒಂದು ಷರತ್ತಿನ ಮೇಲೆ. "ಬುಧವಾರ ನಾಲ್ಕು ಗಂಟೆಗೆ ಕಂಪನಿಯ ಶಾಲಿನಿ ಮೇಡಂ ಬರ್ತಾರೆ. ಅಷ್ಟರಲ್ಲಿ ಎಲ್ಲ ಹಸಿರಾಗಿದ್ರೆ, ಇನ್ಮೇಲೆ ಆಫೀಸೆಲ್ಲ ನಿಮ್ಮ ರೀತಿಲೇ ಕೆಲಸ ಮಾಡುತ್ತೆ. ಒಂದು ಕೆಂಪು ಉಳಿದ್ರೂ ನೀವು ವಾಪಸ್ ಫೋನ್ ಕುರ್ಚಿಗೆ."

ಫೋನ್ ಕುರ್ಚಿ ಮೆಟ್ಟಿಲ ಪಕ್ಕದಲ್ಲಿತ್ತು. ಅದಕ್ಕೆ ಐದು ಚಕ್ರದಲ್ಲಿ ನಾಲ್ಕೇ ಇದ್ದವು. ಮೂರು ವರ್ಷ ಲತಾಮಣಿ ಅದರಲ್ಲಿ ಒಂದು ಕಡೆ ವಾಲಿಕೊಂಡು ಕೂತು, "ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ ಅಣ್ಣ," ಎಂದು ಹಳ್ಳಿಹಳ್ಳಿಯ ಡೈರಿಗಳಿಗೆ ಹೇಳಿದ್ದಳು. ಮನೆಗೆ ಹೋದ ಮೇಲೂ ಅವಳ ತಲೆ ಒಂದು ಕಡೆ ವಾಲಿಯೇ ಇರುತ್ತಿತ್ತು. ನಾಲ್ಕು ತಿಂಗಳ ಹಿಂದೆ ಅವಳಿಗೊಂದು ನೆಟ್ಟಗಿನ ಕುರ್ಚಿ ಸಿಕ್ಕಿತ್ತು. ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಅವತ್ತು ಬಂದವಳೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: "ಕೆಂಪು ಬಂತೆಂದು ಟೆಸ್ಟನ್ನೇ ಅಳಿಸಿದವರು ಫೋನ್ ಕುರ್ಚಿಗೆ."

"ಇದು ನನ್ಗೇ ತಾನೇ ಮೇಡಂ?" ಎಂದ ಮುನೇಶ. ಅವನಿಗೆ ಆ ಅಭ್ಯಾಸವಿತ್ತು.

"ಎಲ್ಲಾರ್ಗೂ. ನನ್ಗೂ."

ಲೋಕೇಶ್ ಅದರ ಕೆಳಗೆ ಸಹಿ ಹಾಕಿದರು.

ಹತ್ತು ಗಂಟೆಗೆ ಓಡಿಸಿದಳು. ಪರದೆ ಮೇಲಿಂದ ಕೆಳಗಿನವರೆಗೆ ಮೆಣಸಿನಕಾಯಿ ಒಣಹಾಕಿದ ಹಾಗೆ ಕೆಂಪಾಯಿತು. ಲತಾಮಣಿ ಚಪ್ಪಾಳೆ ತಟ್ಟಿದಳು. "ಎಲ್ಲಾ ಫೇಲು! ಸರಿಯಾಗಿದೆ!"

"ನಮ್ಮ ಸ್ಕೂಲಲ್ಲಿ ನಿಮ್ಮಂಥ ಟೀಚರ್ ಇರ್ಬೇಕಿತ್ತು," ಎಂದ ಮುನೇಶ.

ಹನ್ನೊಂದು ಗಂಟೆಗೆ ಒಂದನೇ ಸಾಲು ಹಸಿರಾಗುವ ಹೊತ್ತಿಗೆ ಮಾಗಡಿಯಿಂದ ಗಂಡನ ಫೋನು ಬಂತು. ಅನಂತರಾಜು ಅಲ್ಲಿ ಹೈಸ್ಕೂಲು ಮೇಷ್ಟ್ರು.

"ಲತಾ, ಅಮ್ಮಂಗೆ ಏನು ಮಾಡ್ದೆ?"

"ಏನೂ ಮಾಡಿಲ್ವಲ್ಲ. ಯಾಕ್ರೀ?"

"ಸಿದ್ದಮ್ಮ ಫೋನ್ ಮಾಡಿದ್ಳು. ಅಮ್ಮ ಇವತ್ತು ಸಾಯ್ಬೇಕು ಅಂತ ನೀನು ಬರೆದಿಟ್ಟಿದ್ದೀಯಂತೆ. ಟೈಮೂ ಹಾಕಿದ್ದೀಯಂತೆ!"

ಲತಾಮಣಿಗೆ ಆಗ ಹಾಳೆಯ ನೆನಪಾಯಿತು. ನಗು ಬಂತು. "ಅದು ನಿಮ್ಮಮ್ಮ ಅಲ್ಲ ರೀ. ಟೆಸ್ಟಿನ ಬೋರಮ್ಮ."

"ಟೆಸ್ಟಿಗೆ ಬೇರೆ ಹೆಸರೇ ಸಿಗ್ಲಿಲ್ವಾ?"

"ಈ ಹೆಸರು ಹಾಕಿದ್ರೆ ನಂಗೆ ಒಂಚೂರು ಹೆದರಿಕೆ ಆಗುತ್ತೆ. ಹೆದರಿಕೆ ಇದ್ರೆ ಕೆಲಸ ನೆಟ್ಟಗಾಗುತ್ತೆ."

ಅನಂತರಾಜುವಿಗೆ ಅರ್ಥವಾಯಿತು. ಅವನೂ ಅದೇ ಹೆದರಿಕೆಯಲ್ಲಿ ಬೆಳೆದವನು. "ಸಿದ್ದಮ್ಮಂಗೆ ಹೇಳ್ಬಿಡು," ಎಂದು ಇಟ್ಟ.

ಸಿದ್ದಮ್ಮನಿಗೆ ಫೋನು ಮಾಡಿದರೆ ಎಂಗೇಜು. ಮತ್ತೆ ಮಾಡಿದರೂ ಎಂಗೇಜು. ಹನ್ನೆರಡಕ್ಕೆ, ಒಂದಕ್ಕೆ, ಯಾವಾಗ ಮಾಡಿದರೂ ಸಿದ್ದಮ್ಮ ಬೇರೆ ಯಾರ ಜೊತೆಯೋ ಮಾತಾಡುತ್ತಲೇ ಇದ್ದಳು. ಅತ್ತೆಯ ಫೋನು ರಿಂಗಾಗಿ ನಿಂತಿತು. ಅದನ್ನು ಬೋರಮ್ಮ ಹಿಂಡಿ ಮೂಟೆಯ ಮೇಲೆ ಇಟ್ಟು ಮರೆಯುವುದು ರೂಢಿ. ನಾಲ್ಕು ಗಂಟೆ ಆಗಲಿ, ಮನೆಗೆ ಹೋಗಿ ಎಲ್ಲ ಬಿಡಿಸಿ ಹೇಳಿದರಾಯಿತೆಂದು ಲತಾಮಣಿ ಫೋನನ್ನು ಬ್ಯಾಗಿಗೆ ಹಾಕಿದಳು. ಊಟದ ಡಬ್ಬಿಯನ್ನು ತೆರೆಯಲಿಲ್ಲ. ಎರಡನೆಯದು ಹಸಿರಾಯಿತು, ಮೂರನೆಯದು ಹಸಿರಾಯಿತು. ನಾಲ್ಕನೆಯದೇ ಜಗಮೊಂಡಿ. ಬೋರಮ್ಮನನ್ನು ಒಂದು ಬಾಗಿಲಲ್ಲಿ ತಡೆದರೆ ಇನ್ನೊಂದು ಬಾಗಿಲಿನಿಂದ ಎದ್ದು ಬರುತ್ತಿದ್ದಳು. ಲತಾಮಣಿ ಒಂದೊಂದು ಬಾಗಿಲಿಗೂ ಬೀಗ ಹಾಕುತ್ತಾ ಹೋದಳು.

ಮೂರು ಗಂಟೆಯ ಹೊತ್ತಿಗೆ ಮೆಟ್ಟಿಲ ಮೇಲೆ ದಪದಪ ಸದ್ದಾಯಿತು. ಬೋರಮ್ಮನ ತಮ್ಮ ಬೋರಲಿಂಗಯ್ಯ, ಬೈರಮಂಗಲದಿಂದ ಮೊಪೆಡ್ಡಿನಲ್ಲಿ ಬಂದಿದ್ದ. ಕೈಯಲ್ಲಿ ಮಾರುದ್ದದ ಸೇವಂತಿಗೆ ಹಾರ.

"ಏನವ್ವಾ ಲತಾ, ಅಕ್ಕ ಹೋಗ್‌ಬುಟ್ಳಂತೆ, ನೀನ್ ನೋಡುದ್ರೆ ಇಲ್ಲೇ ಕೂತಿದ್ದೀಯಲ್ಲ! ಯಾವಾಗವ್ವಾ ಹೋಗಿದ್ದು?"

ಲತಾಮಣಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೂ ಇಲ್ಲ ಮಾವ. ಹೋಗ್ತಾಳೆ, ಎದ್ದು ಎದ್ದು ಬರ್ತಾಳೆ. ಇನ್ನೊಂದೇ ಬಾಗಿಲಿದೆ, ಅದನ್ನೂ ಮುಚ್ಚಿಬಿಡ್ತೀನಿ."

ಬೋರಲಿಂಗಯ್ಯ ಗೋಡೆ ಹಿಡಿದುಕೊಂಡ. ಅವಳು ಬೆಚ್ಚಿಬಿದ್ದು ಎದ್ದು, ನೀರು ಕೊಟ್ಟು, ಅಕ್ಕ ಗುಂಡುಕಲ್ಲಿನ ಹಾಗಿದ್ದಾಳೆಂದು ನಂಬಿಸುವಷ್ಟರಲ್ಲಿ ಒಳಗಿನಿಂದ ಲೋಕೇಶ್ ಬಂದರು.

"ಓಹೋ, ಹಾರ ತಂದ್ರಾ! ಒಳ್ಳೇದಾಯ್ತು ಯಜಮಾನ್ರೇ. ಉದ್ಘಾಟನೆಗೆ ಹೂವೇ ಮರೆತಿದ್ವಿ."

ಅವನು ಬಾಯಿ ತೆರೆಯುವುದರೊಳಗೆ ಹಾರ ಲತಾಮಣಿಯ ಕಂಪ್ಯೂಟರಿನ ಕೊರಳಿಗೆ ಬಿದ್ದಿತ್ತು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಕೊನೆಯ ಸಾಲು ಹಸಿರಾಯಿತು. ಸೇವಂತಿಗೆಯ ನಡುವೆ ಇಡೀ ಪರದೆ ನಾಟಿ ಮಾಡಿದ ಗದ್ದೆಯಂತೆ ಕಂಡಿತು. ಲತಾಮಣಿ ಕುರ್ಚಿಗೆ ಒರಗಿದಳು. ಅದು ವಾಲಲಿಲ್ಲ.

ಶಾಲಿನಿ ಮೇಡಂ ಬಂದರು, ನೋಡಿದರು, ಒಂದೊಂದು ಸಾಲನ್ನೂ ಓದಿಸಿಕೊಂಡರು. "ಎದ್ದು ಬರಬಾರದು ಅನ್ನೋದು ಬಹಳ ಇಷ್ಟ ಆಯ್ತು. ಆ ಯಲ್ಲಮ್ಮನ ಶಾಲು ಇನ್ನೂ ನನ್ನ ಕನಸಲ್ಲಿ ಬರುತ್ತೆ. ಈಗಲೇ ಎಲ್ಲ ಡೈರಿಗೂ ಬಿಟ್ಟುಬಿಡಿ," ಎಂದರು. ಬಿಟ್ಟರು. ಲೋಕೇಶ್ ಎಲ್ಲರೆದುರು, "ನಾಳೆಯಿಂದ ಪರೀಕ್ಷೆ ಮೊದಲು, ಕೆಲಸ ಆಮೇಲೆ. ಲತಾ ಮೇಡಂ ಹೇಳಿದ ಹಾಗೆ," ಎಂದರು. ಲತಾಮಣಿ ಎಲ್ಲರಿಗೂ ಕಾಫಿ ಹೇಳಲು ಕೆಳಗಿಳಿದಳು. ಇಪ್ಪತ್ತೆರಡು ವರ್ಷದಲ್ಲಿ ತನ್ನ ಗೆಲುವಿಗೆ ತಾನೇ ಕಾಫಿ ಹೇಳುತ್ತಿರುವುದು ಇದೇ ಮೊದಲು ಅನ್ನಿಸಿ, ಸಕ್ಕರೆ ಜಾಸ್ತಿ ಹಾಕಿಸಿದಳು.

ಅವಳು ಹೋಟೆಲಿನಲ್ಲಿದ್ದಾಗಲೇ ಇನ್ನೊಂದು ಮೆಟ್ಟಿಲಿನಿಂದ ಬೋರಮ್ಮ ಆಫೀಸಿಗೆ ಬಂದಳು. ಹಿಂದೆ, ಸಾಕ್ಷಿಯ ಹಾಳೆ ಹಿಡಿದ ಸಿದ್ದಮ್ಮ.

"ಎಲ್ಲವ್ಳೆ ನನ್ ಸೊಸೆ? ನನ್ ಸಾಯ್ಸೋ ಮಿಷನ್ನು ಯಾವುದು, ಒಸಿ ತೋರ್ಸಿ, ನೋಡಾನ."

"ಅಕ್ಕಾ, ನೀನ್ ಬದ್ಕಿದ್ದೀಯಾ!" ಎಂದ ಬೋರಲಿಂಗಯ್ಯ.

"ಅದ್ನೇ ಕೇಳಕ್ ಬಂದಿರಾದು ಕಣ್ಲಾ."

ಮುನೇಶನಿಗೆ ಅಜ್ಜಿಯನ್ನು ಕಂಡು ಖುಷಿಯಾಯಿತು. ಅವನು ಒಳ್ಳೆಯ ಹುಡುಗ, ಅದೇ ತೊಂದರೆ. ಕುರ್ಚಿ ಎಳೆದು ಕೂರಿಸಿದ. "ಅಜ್ಜಿ, ಅದು ಬರೀ ಸುಳ್ಳು ಬೋರಮ್ಮ. ಬನ್ನಿ, ತೋರಿಸ್ತೀನಿ. ನಿಮ್ಮ ಪೂರ್ತಿ ಹೆಸರು, ಊರು ಹೇಳಿ."

"ಬೋರಮ್ಮ, ಕೋಂ ಕೆಂಪೇಗೌಡ. ಕೆಂಗಲ್ ಡೈರಿ. ನಂಬ್ರು ಇಪ್ಪತ್ತೆರಡು ಹದ್ನಾರು," ಎಂದಳು ಬೋರಮ್ಮ ಹೆಮ್ಮೆಯಿಂದ. ಹದಿನೆಂಟು ವರ್ಷದಿಂದ ಅವಳು ಒಂದು ಹೊತ್ತೂ ತಪ್ಪಿಸದೆ ಡೈರಿಗೆ ಹಾಲು ಹಾಕಿದ ನಂಬರು ಅದು.

"ನೋಡಿ, ಬಂದ್ರಿ. ಈಗ ಇಲ್ಲಿ ಒತ್ತಿದ್ರೆ ಸಾಯ್ತೀರಿ."

"ಒತ್ತು, ಅದೇನಾಗ್ತದೋ ನೋಡ್‌ಬುಡಾನ."

ಒತ್ತಿದ.

ಕಾಫಿ ಹುಡುಗನ ಹಿಂದೆ ಲತಾಮಣಿ ಒಳಗೆ ಬಂದಾಗ ಎಲ್ಲರೂ ಅವಳ ಕಂಪ್ಯೂಟರಿನ ಸುತ್ತ ನಿಂತಿದ್ದರು. ಸೇವಂತಿಗೆ ಹಾರದ ನಡುವೆ, ದೊಡ್ಡ ಅಕ್ಷರದಲ್ಲಿ, "ಬೋರಮ್ಮ, ಕೆಂಗಲ್, 2216. ಮರಣ: ಬುಧವಾರ" ಎಂದಿತ್ತು. ಹಾರದ ಕೆಳಗೆ ಬೋರಮ್ಮ ಕೂತು ತನ್ನನ್ನೇ ನೋಡಿಕೊಳ್ಳುತ್ತಿದ್ದಳು.

"ಮುನೇಶ, ಯಾವ ಕಿಟಕಿ ತೆಗೆದೆ?" ಲತಾಮಣಿ ನುಗ್ಗಿ ಬಂದು ಕೇಳಿದಳು. "ಟೆಸ್ಟಿಂದೋ, ನಿಜದ್ದೋ?"

ಮುನೇಶ ಪರದೆಯ ಮೂಲೆ ನೋಡಿದ. ಅದು ನಿಜದ್ದೇ. ಅವನ ಮುಖ ಹಾಲು ಒಡೆದ ಹಾಗಾಯಿತು.

"ನಾನ್ ಬೆಳಿಗ್ಗೆನೇ ಯೋಳ್ಲಿಲ್ವಾ?" ಎಂದಳು ಸಿದ್ದಮ್ಮ ಹಾಳೆ ಎತ್ತಿ ಹಿಡಿದು. "ಬುಧ್ವಾರ! ಬರ್ದಂಗೇ ಆಯ್ತು!"

"ವಾಪಸ್ ತಗೊಂಡ್ರಾಯ್ತು ಬಿಡಿ," ಎಂದರು ಲೋಕೇಶ್.

"ಆಗಲ್ಲ ಸರ್." ಲತಾಮಣಿ ಮೆಲ್ಲಗೆ ಹೇಳಿದಳು. "ಎದ್ದು ಬರೋ ಬಾಗಿಲೆಲ್ಲ ಮುಚ್ಚಿದ್ದೀನಿ."

"ಒಳಗಿಂದ ಕೈ ಹಾಕಿ ಬದಲಾಯಿಸ್ಲಾ ಮೇಡಂ?" ಎಂದ ಮುನೇಶ.

"ಅದಕ್ಕೇ ಮೊದಲು ಬೀಗ ಹಾಕಿದ್ದು. ನಿನ್ನ ನೆನೆಸ್ಕೊಂಡೇ."

ಶಾಲಿನಿ ಮೇಡಂ ಗಂಟಲು ಸರಿಮಾಡಿಕೊಂಡರು. "ನಾವೇ ಒಪ್ಪಿಕೊಂಡ ನಿಯಮ. ಬದಲಾಯಿಸಬೇಕಂದ್ರೆ ನಮ್ಮ ನಿರ್ದೇಶಕರ ಸಭೆ ಆಗ್ಬೇಕು. ಮುಂದಿನ ತಿಂಗಳು."

"ಲತಾ ಮೇಡಂ, ಆ ನಾಲ್ಕನೇ ಟೆಸ್ಟು ಅಳಿಸಿಬಿಡಿ," ಲೋಕೇಶ್ ದನಿ ತಗ್ಗಿಸಿದರು. "ಒಂದೇ ಒಂದು ಸಾಲು. ಬೀಗ ತೆಗೆದು, ಅಜ್ಜಿನ ಎಬ್ಬಿಸಿ, ಮತ್ತೆ ಬರೆದ್ರಾಯ್ತು. ಅಡ್ಜಸ್ಟ್ ಮಾಡ್ಕೊಳ್ಳಿ."

ಲತಾಮಣಿ ಬೋರ್ಡು ನೋಡಿದಳು. ಅವಳದೇ ಅಕ್ಷರ, ಲೋಕೇಶರದೇ ಸಹಿ. ಅಡ್ಜಸ್ಟ್ ಮಾಡ್ಕೊ. ಈ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳು! ಬೆಂಗಳೂರಿನ ಕೆಲಸ ಬಿಡುವಾಗ, ಹದಿನೈದು ವರ್ಷ ಮನೆಯಲ್ಲಿ ಕೂರುವಾಗ, ಚಕ್ರ ಮುರಿದ ಕುರ್ಚಿಯಲ್ಲಿ ವಾಲುವಾಗ. ತಾನು ಬೇಕೆಂದುಕೊಂಡ ಒಂದೊಂದು ಸಾಲನ್ನೂ ಯಾರೋ ಹೀಗೇ ದನಿ ತಗ್ಗಿಸಿ ಅಳಿಸಿಸಿದ್ದರು. ಅಳಿಸಿದ ಜಾಗವೆಲ್ಲ ಹಸಿರಾಗಿ ಕಾಣುತ್ತಿತ್ತು, ಅಷ್ಟೆ.

"ಅಳಿಸಲ್ಲ ಸರ್. 'ತಪ್ಪಾಗಿ ಸತ್ತವರು ಎದ್ದು ಬರಬೇಕು' ಅಂತ ಹೊಸ ಟೆಸ್ಟ್ ಬರೀತೀನಿ. ಅದು ಕೆಂಪಾಗಿರ್ಲಿ. ಸಭೆ ಒಪ್ಪಿದ ಮೇಲೆ ಹಸಿರು ಮಾಡ್ತೀನಿ." ಅತ್ತೆಯ ಕಡೆ ತಿರುಗಿದಳು. "ಅತ್ತೆ, ಒಂದು ತಿಂಗಳು... ಡೈರಿಲಿ ನಿಮ್ಮ ಹಾಲು ತಗೊಳ್ಳಲ್ಲ. ತಪ್ಪಾಯ್ತು."

ಬೋರಮ್ಮ ಸೆರಗು ಕೊಡವಿಕೊಂಡು ಎದ್ದಳು. "ಬರ್ದಿದ್ದ ಅಳುಸ್‌ಬ್ಯಾಡ ಕಣವ್ವ," ಎಂದಳು. "ಒಂದ್ ಮಾತಿನ್ ಮೇಲೆ ನಿಂತ್ಕೊಳದ ನಿನ್ಗೆ ಕಲ್ಸಿದ್ದೇ ನಾನು. ಒಂದ್ ತಿಂಗ್ಳು ಸತ್ತೇ ಇರ್ತೀನಿ ಬುಡು."

ಲತಾಮಣಿಯ ಕಣ್ಣು ತುಂಬಿತು. ಅತ್ತೆಯ ಕಣ್ಣಿನಲ್ಲಿ ಮಿನುಗಿದ್ದು ಪ್ರೀತಿಯೆಂದೇ ಅವಳು ತಿಳಿದಳು.

"ಸಭೆ ಮುಂದೆ ಇಡೋಕೆ ಫೋನಲ್ಲಿ ಒಂದು ದೂರು ದಾಖಲಾಗಿರ್ಬೇಕು," ಎಂದರು ಶಾಲಿನಿ ಮೇಡಂ. ಫೋನ್ ಕುರ್ಚಿಯಲ್ಲಿ ಯಾರೂ ಇರಲಿಲ್ಲ. "ಒಂದ್ನಿಮಿಷ ನೀವೇ ಕೂತ್ಕೊಳ್ಳಿ," ಎಂದರು ಲೋಕೇಶ್. ಲತಾಮಣಿ ಕೂತಳು, ಕುರ್ಚಿ ಪರಿಚಯದವರನ್ನು ಕಂಡ ಹಾಗೆ ಎಡಕ್ಕೆ ವಾಲಿತು. ಬೋರಮ್ಮ ಸಿದ್ದಮ್ಮನ ಫೋನಿನಿಂದ, ಮೂರಡಿ ದೂರದಲ್ಲಿ ನಿಂತು, "ಅಲೋ, ನಾನ್ ಸತ್ತೋಗಿವ್ನಿ," ಎಂದು ದೂರು ಬರೆಸಿದಳು. ಫೋನಿಟ್ಟ ಕೂಡಲೇ ಕುದೂರಿನಿಂದ ಇನ್ನೊಂದು ಬಂತು: ಯಲ್ಲಮ್ಮನನ್ನು ಈಗ ತೆಗೆದಿರುವುದರಿಂದ ಶಾಲು ವಾಪಸ್ ಕೊಡಬೇಕಾ? ಆಮೇಲೆ ಕನಕಪುರದಿಂದ, ಆಮೇಲೆ ಇನ್ನೆಲ್ಲಿಂದಲೋ. ಹೊಸ ಪುಟ ಎಲ್ಲ ಡೈರಿಗೂ ಹೋಗಿತ್ತಲ್ಲ.

"ಸಾಯೋದನ್ನ ನಿಮ್ಮಷ್ಟು ಚೆನ್ನಾಗಿ ವಿವರಿಸೋರು ಇಲ್ಲಿ ಬೇರೆ ಯಾರಿದ್ದಾರೆ ಮೇಡಂ?" ಎಂದರು ಲೋಕೇಶ್ ಹೊರಡುವಾಗ. "ಸಭೆ ಆಗೋವರೆಗೂ ಇಲ್ಲೇ ಇರಿ. ನಿಮ್ಮ ರೀತಿಲಿ ಮುನೇಶ ಕೆಲಸ ಮಾಡ್ತಾನೆ."

ಆರೂವರೆಗೆ ಮನೆ ಮುಟ್ಟಿದಾಗ ಹಸುಗಳೆರಡೂ ಅಂಬಾ ಎನ್ನುತ್ತಿದ್ದವು. ಬೋರಮ್ಮ ಜಗುಲಿಯ ಮೇಲೆ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಅತ್ತೆ, ಹಾಲು ಕರೆದಿಲ್ವಾ?"

"ಸತ್ತೋಳ್ಗೆ ಏನವ್ವಾ ಕೆಲ್ಸ? ಒಂದ್ ತಿಂಗ್ಳು ನೀನೇ ಕರಿ. ಬೆಳಿಗ್ಗೆ ಐದ್ ಗಂಟ್ಗೆ, ಸಂಜೆ ಬಂದ್ಮೇಲೆ."

ಹಸುವೆಂದರೆ ಮೊದಲಿನಿಂದಲೂ ಹೆದರುತ್ತಿದ್ದ ಲತಾಮಣಿ ಬಕೆಟ್ಟು ಹಿಡಿದು ನಿಂತಳು. ಬೇಲಿಯಾಚೆ ಸಿದ್ದಮ್ಮ ಕಾಣಿಸಿಕೊಂಡಳು. ಡೈರಿಗೆ ಹೋಗದ ಹಾಲು ಎಲ್ಲಾದರೂ ಹೋಗಲೇಬೇಕಲ್ಲ. ಬೆಳಗಿನ ಲೋಟದ ಜಾಗದಲ್ಲಿ ಈಗ ಅವಳ ಕೈಯಲ್ಲಿ ದೊಡ್ಡ ಕೊಳದಪ್ಪಲೆ ಇತ್ತು.

"ಮೊದ್ಲೇ ಯೋಳ್‌ಬುಡ್ತೀನಿ, ಕೇಳ್ಕೊ," ಎಂದಳು ಬೋರಮ್ಮ ಎಲೆ ಮಡಿಸುತ್ತಾ. "ಹಸ ಒದೀಬಾರ್ದು. ಬಕೀಟು ಉರುಳ್‌ಬಾರ್ದು. ಹಾಲಲ್ಲಿ ಒಂದ್ ಕೂದ್ಲು ಇರ್‌ಬಾರ್ದು."

ಲತಾಮಣಿ ಸೆರಗು ಸಿಕ್ಕಿಸಿ, ಹಲ್ಲು ಕಚ್ಚಿ, ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಕೆಚ್ಚಲಿಗೆ ಕೈ ತಾಗಿತೋ ಇಲ್ಲವೋ, ಹಸು ಒಂದು ಸಲ ಹಿಂತಿರುಗಿ ನೋಡಿ, ಕಾಲೆತ್ತಿ ಝಾಡಿಸಿತು. ಬಕೆಟ್ಟು ಉರುಳಿಕೊಂಡು ಬೇಲಿಯವರೆಗೆ ಹೋಗಿ ಸಿದ್ದಮ್ಮನ ಕಾಲ ಹತ್ತಿರ ನಿಂತಿತು.

ಬೋರಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ನಿಧಾನವಾಗಿ ಅಗಿದು, ಜಗುಲಿಯ ಕೆಳಕ್ಕೆ ಪಿಚಕ್ಕೆಂದು ಉಗುಳಿ, ತೃಪ್ತಿಯಿಂದ ಹೇಳಿದಳು:

"ಕೆಂಪು. ಸರಿಯಾಗೈತೆ."